ಪುರೋಹಿತರು: ಇಲ್ಲ

ತೀರ್ಥಹಳ್ಳಿ
೧೨ ಆಗಸ್ಟ್ ೨೦೨೪

ಅಜ್ಜಿಗೆ ಭವ್ಯಾಳ ನಮಸ್ಕಾರ.

ಹಾಸ್ಟೆಲ್ ಸೇರಿ ಹದಿನೈದು ದಿನವಾಯಿತು. ನಮ್ಮೂರಿಗೆ ನೆಟ್‌ವರ್ಕ್ ಬರುವ ತನಕ ಕಾದರೆ ನಾನು ಮುದುಕಿಯಾಗಿರುತ್ತೇನೆ, ಅದಕ್ಕೇ ಕಾಗದ. ಅಪ್ಪ ವಾರಕ್ಕೊಮ್ಮೆ ನಗರಕ್ಕೆ ಹೋದಾಗ ಅವರ ಫೋನಿಗೆ ನನ್ನ ಮೆಸೇಜು ತಲುಪುತ್ತದೆ. ಆದರೆ ನಾನು ಒಂದು ಪುಟ ಬರೆದರೂ ಅವರು ಮನೆಗೆ ಬಂದು ನಿನಗೆ ಹೇಳುವುದು "ಚೆನ್ನಾಗಿದಾಳಂತೆ" ಅಂತ ಒಂದೇ ಮಾತು. ಸಾಕ್ಷರತಾ ಕ್ಲಾಸಿನಲ್ಲಿ ಕಲಿತ ನಿನ್ನ ಅಕ್ಷರ ತುಕ್ಕು ಹಿಡಿಯಬಾರದು. ಉತ್ತರ ಬರೆಯಲೇಬೇಕು.

ಬಿ.ಎ. ಮೊದಲ ವರ್ಷದಲ್ಲಿ ಒಂದು ವಿಷಯವನ್ನು ನಾವೇ ಆರಿಸಿಕೊಳ್ಳಬೇಕು. ಹೆಚ್ಚಿನವರು ಕಂಪ್ಯೂಟರ್ ಬರೆಸಿದರು, ನಾನು ‘ವಿಶ್ವ ಧರ್ಮಗಳ ಪರಿಚಯ’ ಬರೆಸಿದೆ. ಆಫೀಸಿನ ಗುಮಾಸ್ತರು ಕನ್ನಡಕ ಮೇಲೆ ಮಾಡಿ "ಅದ್ರಿಂದ ಎಂತ ಕೆಲ್ಸ ಸಿಗುತ್ತೆ ಮಾರಾಯ್ತಿ?" ಎಂದರು. "ಕೆಲ್ಸಕ್ಕಲ್ಲ ಸರ್, ತಿಳ್ಕಳಕ್ಕೆ" ಎಂದೆ. ಅವರು ನಕ್ಕರು. ನಗಲಿ.

ಪಾಠ ಮಾಡುವವರು ಹರ್ಷವರ್ಧನ ಸರ್. ಮೊದಲ ದಿನವೇ ಬೋರ್ಡಿನ ಮೇಲೆ ಐದು ಕಾಲಂ ಎಳೆದರು. ಸ್ಥಾಪಕರು, ಗ್ರಂಥ, ವಿಗ್ರಹ ಅಥವಾ ಚಿಹ್ನೆ, ಪುರೋಹಿತರು, ಆರಾಧನಾ ಸ್ಥಳ. ಪ್ರಪಂಚದ ಎಲ್ಲ ಧರ್ಮಗಳೂ ಈ ಐದರಲ್ಲಿ ಕೂರುತ್ತವಂತೆ. ನನಗೆ ಬಹಳ ಇಷ್ಟವಾಯಿತು.

ಇಂತಿ ನಿನ್ನ ಮೊಮ್ಮಗಳು
ಭವ್ಯಾ


ಹೊಸನಗರ ತಾಲೂಕು, ನಗರ ಅಂಚೆ
೨೬ ಆಗಸ್ಟ್ ೨೦೨೪

ಭವ್ಯಾಗೆ ಅಜ್ಜಿಯ ಆಶೀರ್ವಾದ. ಎಲ್ಲರೂ ಕ್ಷೇಮ. ಕಾಗದದಲ್ಲಿ ಮೊದಲು ಕ್ಷೇಮ ಬರೆಯಬೇಕು, ಪುಸ್ತಕದ ಹಾಗೆ ಬರೆಯಬೇಕು ಎಂದು ಕ್ಲಾಸಿನ ಮೇಷ್ಟ್ರು ಹೇಳಿದ್ದರು. ಕ್ಷೇಮ ಬರೆದಾಯಿತು. ಇನ್ನು ನಿಜ ಬರೆಯುತ್ತೇನೆ.

ನಿನ್ನ ಕಾಗದ ಓದಲು ನನಗೆ ಎರಡು ದಿನ ಹಿಡಿಯಿತು. ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಧರ್ಮ ಓದುತ್ತೇನೆ ಎಂದು ಬರೆದಿದ್ದೀಯ. ನಿನ್ನಮ್ಮನಿಗೆ ಹೇಳಿದೆ. ಅವಳು "ಧರ್ಮಕ್ಕೆ ಓದಿಸ್ತಾರಾ? ಹಾಗಾದ್ರೆ ಫೀಸು ಯಾಕೆ ತಗಂಡ್ರು?" ಎಂದು ಕೇಳಿದಳು. ಅವಳಿಗೆ ಧರ್ಮ ಎಂದರೆ ಪುಕ್ಕಟೆ ಕೊಡುವುದು. ನನಗೂ ಹಾಗೇ ಅನ್ನಿಸಿತ್ತು, ಆದರೆ ನಾನು ಬಾಯಿ ಬಿಡಲಿಲ್ಲ.

ಮಳೆಗೆ ಬನದ ದಾರಿ ಜಾರುತ್ತಿದೆ. ನಿನ್ನಪ್ಪನ ಜೊತೆ ಇಬ್ಬರು ಬಂದು ಬನದ ಚೌಡಿ ದೇವಿಯ ಕಲ್ಲಿನ ಸುತ್ತ ಟೇಪು ಹಿಡಿದು ಅಳೆದು ಹೋದರು. ಎಂತಕ್ಕೆ ಎಂದು ಕೇಳಿದರೆ "ಸುಮ್ನೆ ಅವ್ವ" ಎಂದ. ನಿರಂಜನ ಸುಮ್ಮನೆ ಏನನ್ನೂ ಮಾಡಿದವನಲ್ಲ.

ದುಗಮ್ಮ
(ಗ ಒತ್ತು ಬಿಟ್ಟಿದೆ ಎಂದು ಗೊತ್ತು. ಅದು ಯಾವತ್ತೂ ನನಗೆ ಬಗ್ಗಿಲ್ಲ.)


ತೀರ್ಥಹಳ್ಳಿ
೧೬ ಸೆಪ್ಟೆಂಬರ್ ೨೦೨೪

ಅಜ್ಜೀ,

ಒತ್ತು ಇಲ್ಲದಿದ್ದರೂ ನೀನೇ ಎಂದು ಗೊತ್ತಾಗುತ್ತದೆ ಬಿಡು.

ಈ ವಾರ ಜಪಾನಿನವರ ಶಿಂಟೋ ಧರ್ಮ. ಕೆಲವು ಕಡೆ ಅವರು ದೊಡ್ಡ ಬಂಡೆಗೆ ಹುಲ್ಲಿನ ಹಗ್ಗ ಸುತ್ತಿ, ಅದರಲ್ಲಿ ದೇವರಿದ್ದಾನೆ ಎಂದು ಕೈ ಮುಗಿಯುತ್ತಾರೆ. ಚಿತ್ರ ನೋಡಿ ನಾನು ಬೆಂಚಿನಲ್ಲಿ ಕೂತಲ್ಲೇ ನಕ್ಕುಬಿಟ್ಟೆ. ನಮ್ಮ ಚೌಡಿ ಜಪಾನಿಗೆ ಯಾವಾಗ ಹೋದಳು? ಕ್ರೈಸ್ತರಲ್ಲೂ ಒಂದು ಪಂಗಡವಿದೆ, ಕ್ವೇಕರ್ ಎಂದು ಹೆಸರು. ಎಷ್ಟೋ ಕಡೆ ಅವರು ಪಾದ್ರಿಯಿಲ್ಲದೆ ಒಟ್ಟಿಗೆ ಮೌನವಾಗಿ ಕೂರುತ್ತಾರೆ. ಅಷ್ಟೇ ಪ್ರಾರ್ಥನೆ.

ನಾವೂ ನಮ್ಮ ಮನೆಯ ಆರಾಧನೆಯೊಂದನ್ನು ಆ ಐದು ಕಾಲಂನಲ್ಲಿ ಬರೆದು ಕೊಡಬೇಕು. ಇಪ್ಪತ್ತು ಅಂಕ. ನಾನು ಚೌಡಿಯನ್ನು ಆರಿಸಿದ್ದೇನೆ. ಹೇಳು: ಚೌಡಿಯನ್ನು ಅಲ್ಲಿ ಇಟ್ಟವರು ಯಾರು? ಮಂತ್ರ, ಪುಸ್ತಕ ಇದೆಯಾ? ಪುರೋಹಿತರು ಯಾರು? ನಿನ್ನ ನಂತರ ಯಾರು?

ಟೇಪು ಹಿಡಿದವರು ರಸ್ತೆ ಇಲಾಖೆಯವರಿರಬೇಕು. ತಲೆ ಕೆಡಿಸಿಕೊಳ್ಳಬೇಡ.

ಭವ್ಯಾ


ನಗರ ಅಂಚೆ
೨ ಅಕ್ಟೋಬರ್ ೨೦೨೪

ಭವ್ಯಾಗೆ ಆಶೀರ್ವಾದ. ಕ್ಷೇಮ.

ಮಾತಾಡದೆ ಕೂರುವ ಧರ್ಮ ನಿನ್ನಮ್ಮನಿಗೆ ಆಗುವುದಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ. ಚೌಡಿಯನ್ನು ಯಾರೂ ಇಟ್ಟಿದ್ದಲ್ಲ, ಅವಳೇ ಇದ್ದಳು. ಪುಸ್ತಕ ಎಂತದೂ ಇಲ್ಲ. ಪುರೋಹಿತರು ಯಾರೂ ಬರುವುದಿಲ್ಲ. ನಾನು ಮಂಗಳವಾರ, ಶುಕ್ರವಾರ ಅಬ್ಬಿಯಿಂದ ಒಂದು ಕೊಡಪಾನ ನೀರು ಹೊತ್ತು ಗುಡ್ಡ ಹತ್ತುತ್ತೇನೆ, ಕಲ್ಲು ತೊಳೆಯುತ್ತೇನೆ, ಎಲೆ ಗುಡಿಸುತ್ತೇನೆ, ಹೂವಿಟ್ಟು ದೀಪ ಹಚ್ಚುತ್ತೇನೆ, ಮನೆಯಲ್ಲಿ ಯಾರಿಗೆ ಏನಾಗಿದೆ ಎಂದು ಅವಳಿಗೆ ಹೇಳಿ ಇಳಿದು ಬರುತ್ತೇನೆ. ಅದು ಕೆಲಸ. ಪೂಜೆ ಎಂದು ದೊಡ್ಡ ಹೆಸರು ಬೇಡ.

ನನ್ನ ಅತ್ತೆ ಕನ್ನಮ್ಮ ಸಾಯುವ ಮೊದಲು ಆ ದೀಪ ನನ್ನ ಕೈಗೆ ಕೊಟ್ಟರು. ನಲವತ್ತೊಂದು ವರ್ಷವಾಯಿತು. ಅವರಿಗೆ ಅವರ ಅತ್ತೆ ಕೊಟ್ಟಿದ್ದು. ದೀಪ ಹೋಗುವುದು ಅತ್ತೆಯ ಕೈಯಿಂದ ಸೊಸೆಯ ಕೈಗೆ. ಮಗಳಿಗೆ ಕೊಡುವ ಪದ್ಧತಿ ಇಲ್ಲ, ಮಗಳು ಕೊಟ್ಟ ಮನೆಗೆ ಹೋಗುವವಳು. ನಿನ್ನಮ್ಮನನ್ನು ಕೇಳಿದೆ. "ಕೊಡಪಾನ ಹೊತ್ಕಂಡು ಗುಡ್ಡ ಹತ್ತಕ್ಕೆ ನನ್ ಕೈಲಾಗಲ್ಲ ಅತ್ತೆ" ಎಂದಳು. ಬೇಡದವಳ ಕೈಗೆ ಕೊಡಬಾರದು. ಹಾಗಾಗಿ ನನ್ನ ನಂತರ ಯಾರು ಎಂಬುದಕ್ಕೆ ಉತ್ತರ ಬರೆದಿಲ್ಲ.

ಇನ್ನೊಂದು ಮುಖ್ಯ. ಅವಳೆದುರು ಇಲ್ಲ ಎನ್ನಬಾರದು. ಎಣ್ಣೆ ಮುಗಿದರೆ ಎಣ್ಣೆ ಹೆಚ್ಚಿದೆ ಎನ್ನಬೇಕು, ಹೂ ಸಿಗದಿದ್ದರೆ ಹೂ ಹೆಚ್ಚಿದೆ. ಅಕ್ಕಿ ಡಬ್ಬಿ ಬರಿದಾದಾಗ ನಿನ್ನಮ್ಮನೂ ಹಾಗೇ ಅನ್ನುತ್ತಾಳಲ್ಲ, ಹಾಗೆ. ಇದನ್ನು ಮರೆಯದೆ ಬರೆ.

ಬನದ ಕೆಳಗೆ ಒಂದು ಲೋಡು ಜಲ್ಲಿ ಸುರಿದಿದ್ದಾರೆ. ರಸ್ತೆ ಇಲಾಖೆಯವರಲ್ಲ.

ದುಗಮ್ಮ


ತೀರ್ಥಹಳ್ಳಿ
೩ ನವೆಂಬರ್ ೨೦೨೪

ಅಜ್ಜೀ, ಇಪ್ಪತ್ತಕ್ಕೆ ಹದಿನೆಂಟು.

ಹದಿನಾಲ್ಕು ಜನರಲ್ಲಿ ನನ್ನದೇ ಹೆಚ್ಚು. ಸರ್ ನನ್ನ ಹಾಳೆಯನ್ನು ಎತ್ತಿ ತೋರಿಸಿ, "ಹೀಗೆ ಬರೀಬೇಕು, ಚಿಕ್ಕದಾಗಿ, ಖಚಿತವಾಗಿ" ಎಂದರು. ಸ್ಥಾಪಕರು: ಇಲ್ಲ. ಗ್ರಂಥ: ಇಲ್ಲ. ವಿಗ್ರಹ: ಇಲ್ಲ, ಕೇವಲ ಕಲ್ಲು. ಪುರೋಹಿತರು: ಇಲ್ಲ. ಆರಾಧನಾ ಸ್ಥಳ: ದೇವಸ್ಥಾನ ಇಲ್ಲ. ಇಷ್ಟೆಲ್ಲ ಇಲ್ಲದೆಯೂ ಒಂದು ನಂಬಿಕೆ ಬದುಕಿದೆ ಎಂದು ಕೊನೆಗೆ ಒಂದು ವಾಕ್ಯ ಸೇರಿಸಿದೆ. ಅದು ಸರ್‌ಗೆ ತುಂಬಾ ಹಿಡಿಸಿತು.

ಹಾಳೆಯ ಫೋಟೋ ಅಪ್ಪನಿಗೆ ಕಳಿಸಿದ್ದೇನೆ. ಈ ಸಲವಾದರೂ ಪೂರ್ತಿ ಓದಿ ಹೇಳಲಿ.

ಭವ್ಯಾ


ತೀರ್ಥಹಳ್ಳಿ
೨೭ ನವೆಂಬರ್ ೨೦೨೪

ಅಜ್ಜೀ,

ಮೂರು ವಾರ ದಾಟಿತು, ನಿನ್ನ ಕಾಗದವಿಲ್ಲ. ಹದಿನೆಂಟು ಅಂಕಕ್ಕೆ ಒಂದು ಭೇಷ್ ಕೂಡ ಇಲ್ಲವಾ? ದೀಪಾವಳಿ ಕೆಲಸವೂ ಮುಗಿದಿರಬೇಕು. ಅಥವಾ ಮಂಡಗದ್ದೆಗೆ ಹಕ್ಕಿ ನೋಡಲು ಹೋಗಿ ಅಲ್ಲೇ ಗೂಡು ಕಟ್ಟಿಕೊಂಡೆಯಾ? ಅಪ್ಪನನ್ನು ಕೇಳಿದರೆ "ಚೆನ್ನಾಗಿದಾರೆ" ಎಂದು ಮೆಸೇಜು. ಈಗ ಅದು ನಿನಗೂ ಬಂತು.

ಬೇಗ ಬರೆ.

ಭವ್ಯಾ


ನಗರ ಅಂಚೆ
೮ ಡಿಸೆಂಬರ್ ೨೦೨೪

ಭವ್ಯಾಗೆ.

ಕ್ಷೇಮ ಬರೆಯುವುದಿಲ್ಲ.

ಊರವರು ಸೇರಿ ಚೌಡಿಗೆ ಗುಡಿ ಕಟ್ಟುತ್ತಾರೆ. ಕಲ್ಲು ಕಿತ್ತು ಪಕ್ಕಕ್ಕಿಟ್ಟು, ಕೆತ್ತಿದ ಮೂರ್ತಿ ತರುತ್ತಾರೆ, ಹೊರಗಿನಿಂದ ಭಟ್ಟರನ್ನು ಕರೆಸುತ್ತಾರೆ. ಕಮಿಟಿಗೆ ನಿನ್ನಪ್ಪನೇ ಸೆಕ್ರೆಟರಿ. ಮೊದಲ ಮೀಟಿಂಗಿನಲ್ಲಿ ನಾಲ್ಕಾರು ಜನ, "ದುಗ್ಗಮ್ಮ ಇದಾರಲ್ಲ, ಭಟ್ರು ಎಂತಕ್ಕೆ?" ಎಂದು ಕೇಳಿದರು. ಆಗ ನಿನ್ನಪ್ಪ ಫೋನು ತೆಗೆದು ನಿನ್ನ ಹಾಳೆ ಓದಿದ. "ನಮ್ಮನೆ ಹುಡುಗಿನೇ ಕಾಲೇಜಲ್ಲಿ ಬರ್ದು ಹದಿನೆಂಟು ತಗಂಡಿದಾಳೆ. ಪುರೋಹಿತರು ಇಲ್ಲ, ವಿಗ್ರಹ ಇಲ್ಲ. ಇಲ್ದಿದ್ದನ್ನ ನಾವು ಮಾಡ್ಬೇಕಲ್ಲ" ಎಂದ. ಕೇಳಿದವರೂ ತಲೆಯಾಡಿಸಿ ಒಪ್ಪಿದರು.

ನಾನು ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದೆ. ಇಲ್ಲದವಳು ಕೂತಿದ್ದೆ.

ನಲವತ್ತೊಂದು ವರ್ಷ ಅವಳೆದುರು ನಾನು ಆಡದ ಮಾತನ್ನು ನೀನು ಐದು ಸಲ ಬರೆದೆ. ಇಲ್ಲದವಳಿಗೆ ಕಾಗದ ಯಾಕೆ?

(ಹೆಸರು ಬರೆದಿಲ್ಲ.)


ತೀರ್ಥಹಳ್ಳಿ
೧೫ ಡಿಸೆಂಬರ್ ೨೦೨೪

ಅಜ್ಜೀ,

ತಪ್ಪು ನನ್ನದು. ನಿನ್ನ ಅಕ್ಟೋಬರ್ ಕಾಗದವನ್ನು ಮತ್ತೆ ತೆಗೆದು ಓದಿದೆ. ‘ಇದನ್ನು ಮರೆಯದೆ ಬರೆ’ ಎಂದು ನೀನು ಹೇಳಿದ ಒಂದೇ ಒಂದು ಮಾತನ್ನು ನಾನು ಬಿಟ್ಟಿದ್ದೇನೆ, ಏಕೆಂದರೆ ಅದಕ್ಕೆ ಕಾಲಂ ಇರಲಿಲ್ಲ. ನೀನು ಕೆಲಸ ಎಂದೆ, ನಾನು ನಂಬಿದೆ. ಜಪಾನಿನವರು ಕಲ್ಲಿಗೆ ಹಗ್ಗ ಸುತ್ತಿದರೆ ಅದನ್ನು ಪೂಜೆ ಎಂದು ನೋಟ್ಸ್ ಬರೆದುಕೊಂಡವಳು, ನನ್ನ ಅಜ್ಜಿ ಕಲ್ಲು ತೊಳೆದರೆ ಕೆಲಸ ಎಂದು ಬಿಟ್ಟುಬಿಟ್ಟೆ. ನನಗೆ ನಾಚಿಕೆಯಾಗಿದೆ. ಅದಕ್ಕಿಂತ ಹೆಚ್ಚು ಸಿಟ್ಟು ಬಂದಿದೆ.

ನಿನ್ನೆ ಅಪ್ಪ ನಗರದಲ್ಲಿದ್ದಾಗ ಫೋನು ಸಿಕ್ಕಿತು. ಅರ್ಧ ಗಂಟೆ ಜಗಳ. ಕೊನೆಗೆ ಅವರು, "ಅವ್ವ ಸೆಪ್ಟೆಂಬರಲ್ಲಿ ಬನದ ದಾರೀಲಿ ಜಾರಿ ಬಿದ್ದು ಮಂಡಿ ಊದಿದ್ದು ನಿಂಗೆ ಬರ್ದಿದಾರಾ? ಕೊಡಪಾನದ ಸಮೇತ ಉರುಳಿದ್ರು. ನಾನೇ ಹೊತ್ಕಂಡ್ ಬಂದೆ. ಅವ್ವ ಆದ್ಮೇಲೆ ಯಾರು ಹೇಳು? ನಿಮ್ಮಮ್ಮ ಒಲ್ಲೆ ಅಂತಾಳೆ, ನೀನು ಪುಸ್ತಕ ಹಿಡ್ಕಂಡಿದೀಯ" ಎಂದರು. ಮಂಡಿ ಊದಿಸಿಕೊಂಡು ‘ಗುಡ್ಡ ಹತ್ತುತ್ತೇನೆ’ ಎಂದು ಬರೆದೆಯಲ್ಲ ಅಜ್ಜಿ, ಕ್ಷೇಮ ಬೇರೆ ಬರೆದೆ. ನಿಜ ಬರೆಯುತ್ತೇನೆ ಎಂದವಳು ನೀನು.

ಅಪ್ಪನಿಗೆ ನಿನ್ನ ಮಂಡಿಯ ಚಿಂತೆ ಎಂದು ಒಪ್ಪುತ್ತೇನೆ. ಮಂಡಿಗೆ ಮೆಟ್ಟಿಲು ಕಟ್ಟಿಸಲಿ, ಬೇಡ ಎಂದವರು ಯಾರು? ಮಂಡಿ ನೋವಿಗೆ ನಿನ್ನನ್ನೇ ಅಳಿಸಿ ಹಾಕುವುದು ಯಾವ ಮದ್ದು? ಇದನ್ನು ಅವರಿಗೂ ಹೇಳಿದೆ. ಫೋನು ಇಟ್ಟರು.

ಈ ಕಾಗದದ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಅದು ಹೊಸ ಕೋಷ್ಟಕ. ಹಳೆಯದು ತಪ್ಪು ಎಂದು ಬರೆದು ಸಹಿ ಹಾಕಿದ್ದೇನೆ. ಮುಂದಿನ ಮೀಟಿಂಗಿನಲ್ಲಿ ಎಲ್ಲರೆದುರು ಓದಬೇಕು. ಹಳೆಯದನ್ನು ಓದಿದವರೇ ಇದನ್ನೂ ಓದಲಿ.

ಭವ್ಯಾ


ನಗರ ಅಂಚೆ
೬ ಜನವರಿ ೨೦೨೫

ಭವ್ಯಾಗೆ ಆಶೀರ್ವಾದ. ಕ್ಷೇಮ. ಮಂಡಿ ಮಾತ್ರ ಕ್ಷೇಮವಲ್ಲ, ಈಗ ನಿಜ ಬರೆದಿದ್ದೇನೆ.

ನಿನ್ನೆ ಶಾಲೆ ಜಗಲಿಯಲ್ಲಿ ಮೀಟಿಂಗ್ ಇತ್ತು. ನಿನ್ನ ಹಾಳೆ ನಿನ್ನಪ್ಪನ ಕೈಗೆ ಕೊಟ್ಟೆ. ಅವನು ಕಣ್ಣಾಡಿಸಿ ಮಡಚಿ ಜೇಬಿಗೆ ಹಾಕಿಕೊಂಡ. "ಆಮೇಲೆ ನೋಡಣ ಅವ್ವ" ಎಂದ. ನಾನು ಎದ್ದು ಹೋಗಿ ಅವನ ಜೇಬಿನಿಂದ ತೆಗೆದೆ. ಎಪ್ಪತ್ತು ವರ್ಷದ ನಾನು, ಐವತ್ತು ವರ್ಷದ ಮಗನ ಜೇಬಿಗೆ ಕೈ ಹಾಕಿದ್ದು ನೋಡಿ ಪಕ್ಕದ ಮನೆ ರಂಗಮ್ಮ ಬಾಯಿಗೆ ಸೆರಗು ಹಿಡಿದಳು. "ನೀನ್ ಓದದಿದ್ರೆ ನಾನ್ ಓದ್ತೀನಿ" ಎಂದೆ.

ಓದಿದೆ. ಒಂದೊಂದೇ ಅಕ್ಷರ. ಮೂವತ್ತೆಂಟನೇ ವಯಸ್ಸಿಗೆ ಅಕ್ಷರ ಕಲಿತವಳು ನಲವತ್ತು ಜನರೆದುರು ನಿಂತು ಓದುವುದೆಂದರೆ ಹೇಗಿರುತ್ತದೆ ಎಂದು ನಿನ್ನ ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲ. ಬೆರಳಿಟ್ಟು ಓದಿದ್ದಕ್ಕೆ ಬಹಳ ಹೊತ್ತು ಹಿಡಿಯಿತು. ಆದರೆ ಯಾರೂ ಎದ್ದು ಹೋಗಲಿಲ್ಲ.

"ಸ್ಥಾಪಕರು: ಚೌಡಿ ತಾನೇ ಇದ್ದಳು. ಗ್ರಂಥ: ಬಾಯಲ್ಲಿದೆ. ವಿಗ್ರಹ: ಕಲ್ಲು, ಇದ್ದ ಹಾಗೇ. ಆರಾಧನಾ ಸ್ಥಳ: ಬನ. ಬಾಗಿಲಿಲ್ಲದ್ದರಿಂದ ಈವರೆಗೆ ಯಾರನ್ನೂ ಹೊರಗೆ ನಿಲ್ಲಿಸಿಲ್ಲ."

ಇಲ್ಲಿಗೆ ಬರುವಷ್ಟರಲ್ಲಿ ಒಂದು ಲೋಟ ನೀರು ಕುಡಿದೆ. ಮುಂದಿನದು "ಪುರೋಹಿತರು". ಆಮೇಲೆ ನನ್ನ ಹೆಸರು, ಒತ್ತಿನ ಸಮೇತ. ಆಮೇಲೆ ‘ಕೋಂ’. ಅದರ ಮುಂದೆ ನಿನ್ನ ಅಜ್ಜನ ಹೆಸರು.

ಅಯ್ಯೋ ಮಾರಾಯ್ತಿ, ನಿನಗೆ ಅಷ್ಟೂ ಗೊತ್ತಾಗಬೇಡವಾ? ಮದುವೆಯಾದ ದಿನದಿಂದ ನಾನು ಆ ಹೆಸರು ಬಾಯಲ್ಲಿ ಆಡಿದವಳಲ್ಲ. ಅವರು ಹೋಗಿ ಹತ್ತು ವರ್ಷವಾದರೂ ಆಡಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಕಾರ್ಡು ತೋರಿಸುತ್ತೇನೆ. "ದುಗ್ಗಮ್ಮ ಕೋಂ" ಎಂದು ನಿಂತುಬಿಟ್ಟೆ. ಅಕ್ಷರ ಗೊತ್ತು, ಬಾಯಿ ಏಳುವುದಿಲ್ಲ. ಎಲ್ಲರೂ ಕಾಯುತ್ತಿದ್ದಾರೆ. ಹುಡುಗರಿಗೆ ನಾನು ಓದಲು ಬಾರದೆ ನಿಂತಿದ್ದೇನೆ ಅನ್ನಿಸಿತು, ಹೆಂಗಸರಿಗೆ ಮಾತ್ರ ಗೊತ್ತಾಯಿತು. ರಂಗಮ್ಮ, "ನಿರಂಜನಾ, ಹೇಳೋ, ಅವ್ವ ಹೇಳ್ತಾರಾ ಅದನ್ನ?" ಎಂದಳು.

ನಿನ್ನಪ್ಪ ನೆಲ ನೋಡುತ್ತಿದ್ದವನು ಎದ್ದು ಬಂದ. ನನ್ನ ಪಕ್ಕ ನಿಂತು, "ಗುತ್ಯಪ್ಪ" ಎಂದ. ಅಪ್ಪನ ಹೆಸರು ಹೇಳಿದ ಮೇಲೆ ಅವನಿಗೆ ನಿಲ್ಲಿಸಲು ಆಗಲಿಲ್ಲವೋ ಏನೋ, ಹಾಳೆಯ ಇನ್ನೊಂದು ತುದಿ ಹಿಡಿದು ಅವನೇ ಓದಿದ: "ದುಗ್ಗಮ್ಮ ಕೋಂ ಗುತ್ಯಪ್ಪ, ನಲವತ್ತೊಂದು ವರ್ಷದಿಂದ. ಅದಕ್ಕೆ ಮೊದಲು ಕನ್ನಮ್ಮ. ಹಿಂದಿನ ಹಾಳೆಯಲ್ಲಿ ಇಲ್ಲ ಎಂದು ಬರೆದಿದ್ದು ನನ್ನ ತಪ್ಪು. ಅಲ್ಲಿ ಹೆಚ್ಚಿದೆ ಎಂದು ಓದಿಕೊಳ್ಳಬೇಕು."

ಓದಿ ಮಡಚಿ ನನ್ನ ಕೈಗೇ ಕೊಟ್ಟ.

ತೀರ್ಮಾನ: ಕಲ್ಲು ಕೀಳುವುದಿಲ್ಲ. ಮೂರ್ತಿ ತರುವುದಿಲ್ಲ. ಆ ಜಲ್ಲಿಯಲ್ಲಿ ಮೆಟ್ಟಿಲು, ಕೈ ಹಿಡಿಯಲು ಒಂದು ಪೈಪು. ಆದರೆ ನಿನ್ನಪ್ಪ ಕೊನೆಗೆ ಕೇಳಿದ್ದನ್ನು ಕೇಳಿಯೇ ಕೇಳಿದ. "ಅವ್ವ ಇರೋತನಕ ಸರಿ. ಆಮೇಲೆ? ಒಂದು ವರ್ಷ ಟೈಮು, ಅಷ್ಟರಲ್ಲಿ ಯಾರೂ ಸಿಗ್ಲಿಲ್ಲ ಅಂದ್ರೆ ಭಟ್ರನ್ನ ಕರ್ಸದೇ." ಅದನ್ನೂ ತೀರ್ಮಾನದ ಪುಸ್ತಕಕ್ಕೆ ಬರೆದುಕೊಂಡರು.

ದುಗಮ್ಮ


ತೀರ್ಥಹಳ್ಳಿ
೩೦ ಜನವರಿ ೨೦೨೫

ಅಜ್ಜೀ,

ಅಜ್ಜನ ಹೆಸರಿನ ವಿಷಯ ನಿಜಕ್ಕೂ ಹೊಳೆಯಲಿಲ್ಲ. ಅಪ್ಪ ಓದುತ್ತಾರೆ ಎಂದುಕೊಂಡು ಬರೆದಿದ್ದು. ನೀನು ಜೇಬಿಗೆ ಕೈ ಹಾಕುತ್ತೀಯ ಎಂದು ಯಾರಿಗೆ ಗೊತ್ತಿತ್ತು?

ನಾನು ನನ್ನ ಹಾಳೆಯನ್ನು ಕಾಲೇಜಿನಲ್ಲೂ ವಾಪಸ್ ಕೇಳಿದೆ. "ತಿದ್ದಿ ಕೊಡ್ತೀನಿ ಸರ್" ಎಂದೆ. ಹರ್ಷವರ್ಧನ ಸರ್, "ಅವಧಿ ಮುಗ್ದಿದೆಯಮ್ಮ, ಈಗ ಕೊಟ್ರೆ ಮಾರ್ಕ್ಸ್ ಕಟ್ಟಾಗುತ್ತೆ. ಹದಿನೆಂಟು ಇದೆ, ಸುಮ್ನಿರು" ಎಂದು ಒಳ್ಳೆಯ ಮಾತಿನಲ್ಲೇ ಹೇಳಿದರು. ನಾನು ಎದ್ದು ನಿಂತು ಇಡೀ ಕ್ಲಾಸಿಗೆ ಕೇಳುವ ಹಾಗೆ ಹೇಳಿದೆ: "ಜಪಾನಿನ ಕಲ್ಲಿಗೆ ಪುಸ್ತಕದಲ್ಲಿ ಹನ್ನೆರಡು ಪುಟ ಇದೆ ಸರ್. ನಮ್ಮ ಕಲ್ಲಿಗೆ ನಾನು ಐದು ಇಲ್ಲ ಬರೆದೆ, ನೀವು ಹದಿನೆಂಟು ಕೊಟ್ರಿ. ಅದು ಚೌಡಿಗೆ ಸಿಕ್ಕಿದ ಅಂಕ ಅಲ್ಲ. ಕಾಲಂಗೆ ಸಿಕ್ಕಿದ್ದು." ಹಿಂದಿನ ಬೆಂಚಿನಲ್ಲಿ ಯಾರೋ ಶಿಳ್ಳೆ ಹಾಕಿದರು, ಮೆಚ್ಚಿಯೋ ಗೇಲಿಗೋ ಗೊತ್ತಿಲ್ಲ. ಸರ್ ಹೊಸ ಹಾಳೆ ತೆಗೆದುಕೊಂಡರು.

ಹನ್ನೊಂದು ಬಂದಿದೆ. ನಿಯಮದ ಪ್ರಕಾರವೇ ಕತ್ತರಿಸಿದ್ದಾರೆ. ಏಳು ಅಂಕ ಹೋಯಿತು, ನನಗೆ ಒಂದು ಚೂರೂ ಬೇಜಾರಿಲ್ಲ.

ಬೇಜಾರಿರುವುದು ಬೇರೆಯದಕ್ಕೆ. ಅಪ್ಪನ ಪ್ರಶ್ನೆಗೆ ನಾನು ಹೊಸ ಹಾಳೆಯಲ್ಲೂ ಉತ್ತರ ಬರೆದಿಲ್ಲ. ಬರೆಯಲು ಕೂತಿದ್ದೆ. ಪೆನ್ನು ನನ್ನ ಹೆಸರಿನ ಮೊದಲ ಅಕ್ಷರದವರೆಗೆ ಹೋಗಿ ನಿಂತಿತು. ನಾನು ಮಗಳು, ಕೊಟ್ಟ ಮನೆಗೆ ಹೋಗುವವಳು. ಪದ್ಧತಿ ಮುರಿಯುವುದು ಬೇಡ ಎಂದು ಅಪ್ಪನ ಜೊತೆ ಜಗಳವಾಡಿದವಳು ನಾನೇ, ಈಗ ನಾನೇ ಪದ್ಧತಿಗೆ ಅಡ್ಡ ಬಂದರೆ ಹೇಗೆ? ಆದರೆ ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ನನಗೆ ಕೊಡಪಾನ ಹೊರಲು ಬರುತ್ತದೆ. ನನಗೆ ಬೇಕು.

ಭವ್ಯಾ


ನಗರ ಅಂಚೆ
೯ ಫೆಬ್ರವರಿ ೨೦೨೫

ಭವ್ಯಾಗೆ ಆಶೀರ್ವಾದ. ಕ್ಷೇಮ.

ಏಳು ಅಂಕ ಹೋಯಿತು ಎನ್ನಬೇಡ. ಹೆಚ್ಚಿದೆ ಎನ್ನು. ಎಷ್ಟು ಸಲ ಹೇಳಿಕೊಡಬೇಕು ನಿನಗೆ?

ಮೆಟ್ಟಿಲು ಮುಗಿಯಿತು. ಮೊದಲ ದಿನ ನಿನ್ನಪ್ಪ ಹಿಂದೆಯೇ ಬಂದ, ಕೊಡಪಾನ ಅವನೇ ಹೊತ್ತ. ಮೇಲೆ ಹೋಗಿ ಚೌಡಿಯೆದುರು ಒಂದು ಗಳಿಗೆ ಸುಮ್ಮನೆ ಕೂತಿದ್ದ, ನಿನ್ನ ಮಾತಾಡದ ಧರ್ಮದವರ ಹಾಗೆ. ನಾನು ಎಂದಿನಂತೆ ಮನೆಯ ಸುದ್ದಿಯನ್ನೆಲ್ಲ ಅವಳಿಗೆ ಹೇಳಿದೆ. ನಿನ್ನ ಹನ್ನೊಂದನ್ನೂ ಹೇಳಿದೆ. ನಿನ್ನ ಕಾಗದದ ಕೊನೆಯ ಸಾಲನ್ನೂ ಹೇಳಿದೆ, ನಿನ್ನಪ್ಪನಿಗೆ ಕೇಳುವಷ್ಟು ಗಟ್ಟಿಯಾಗಿ. ಅವನು, "ಪದ್ಧತಿ ಬಿಟ್ಟು ಹಾಗೆಲ್ಲ ಮಾಡಕ್ಕಾಗುತ್ತಾ ಅವ್ವ, ಸೊಸೆಗೇ ಅಲ್ವಾ ಕೊಡದು?" ಎಂದ.

ನಾನು ಅವನಿಗೆ ಹೇಳಿದ್ದನ್ನೇ ನಿನಗೂ ಬರೆಯುತ್ತೇನೆ. ಗ್ರಂಥ ಬಾಯಲ್ಲಿದೆ ಎಂದು ಹಾಳೆಯಲ್ಲಿ ಬರೆದವಳು ನೀನು. ಅದನ್ನು ಸಭೆಯಲ್ಲಿ ಓದಿದವಳು ನಾನು. ನಲವತ್ತು ಜನ ಕೇಳಿ ಒಪ್ಪಿದ್ದಾರೆ. ಕನ್ನಮ್ಮನ ಬಾಯಿ ಮಣ್ಣಾಯಿತು, ಅವರ ಅತ್ತೆಯ ಬಾಯಿ ಮಣ್ಣಾಯಿತು. ಈಗ ಉಳಿದಿರುವುದು ಈ ಒಂದು ಬಾಯಿ. ಇದು ಹೇಳುತ್ತಿದೆ, ಮೊಮ್ಮಗಳಿಗೂ ಕೊಡಬಹುದು.

ಪರೀಕ್ಷೆ ಮುಗಿಸಿ ಬಾ. ಮಂಗಳವಾರವೇ ಬಾ. ದೀಪ ತೊಳೆದು ಇಟ್ಟಿದ್ದೇನೆ.

ದುಗ್ಗಮ್ಮ